ಮೋರಿಯ ದಿಂಬು

ಡೀಸೆಲ್‌ಗೆ ಸೋಪಿನ ಪುಡಿ ಬೆರೆತರೆ ಒಂದು ವಾಸನೆ ಹುಟ್ಟುತ್ತದೆ. ಮೂಗಿನ ತುದಿಯಲ್ಲಿ ಸಿಹಿ, ಒಳಗೆ ಇಳಿದ ಮೇಲೆ ಹೊಟ್ಟೆ ತೊಳೆಸುವಂಥದ್ದು. ಈಚೆಗೆ ಒಂದು ಭಾನುವಾರ ಬಳ್ಳಾರಿಯ ಗಾಂಧಿನಗರದ ನನ್ನ ಬಾಡಿಗೆ ಮನೆಯ ಮುಂದೆ ಬೈಕಿನ ಚೈನು ತೊಳೆಯಲು ಕೂತಿದ್ದೆ. ಮೆಕ್ಯಾನಿಕ್ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮಾಡುವ ಕೆಲಸ. ನಾನು ಬೆಳಿಗ್ಗೆ ಶುರು ಮಾಡಿ, ಊಟದ ಹೊತ್ತಿಗೆ ಚೈನನ್ನು ಕಳಚಿ, ಮತ್ತೆ ಕೂಡಿಸಲಾಗದೆ, ಸಿಟ್ಟಿನಲ್ಲಿ ಎದ್ದವನು ಡೀಸೆಲ್ ಡಬ್ಬಿಯನ್ನೇ ಒದ್ದು ಕೆಡವಿದೆ. ಮನೆಯ ಒಡತಿ ನೋಡುವ ಮೊದಲು ಒಂದು ಪೊಟ್ಟಣ ಸೋಪಿನ ಪುಡಿ ಸುರಿದು ನೀರು ಹೊಯ್ದೆ. ಬಿಳಿ ನೊರೆ ಎದ್ದಿತು. ಆ ವಾಸನೆ ಬಂತು. ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ...

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ಪೊಟ್ಟಣ ಸೋಪಿನ ಪುಡಿಯಿಂದ ಒಬ್ಬ ಮನುಷ್ಯನ ಕಸುಬನ್ನೇ ನಿಲ್ಲಿಸಿದವನು ನಾನು. ದೊಡ್ಡ ತಪ್ಪು ಮಾಡುವುದಕ್ಕೆ ಬೇರೆಯವರಿಗೆ ಅಧಿಕಾರವೋ ಆಯುಧವೋ ಬೇಕಾಗುತ್ತದೆ. ನನಗೆ ಕಿರಾಣಿ ಅಂಗಡಿ ಸಾಕಾಯಿತು.

ಅದು ಗಣಿಗಳು ಜೋರಾಗಿದ್ದ ಕಾಲ. ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿಕೊಂಡು ಹೋಗುತ್ತಿದ್ದವು. ಬಳ್ಳಾರಿಯಲ್ಲಿ ಬೇವಿನ ಎಲೆಯೂ ಕೆಂಪಗಿತ್ತು, ಸೀನಿದರೆ ಕರವಸ್ತ್ರವೂ ಕೆಂಪಗಾಗುತ್ತಿತ್ತು. ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ನನ್ನ ಪಾಲಿಗೆ ಬಂದ ವಿಷಯ, ಮಾರ್ಪಡಿಸಿದ ಕೃಷಿ ತ್ಯಾಜ್ಯದಿಂದ ನೀರಿನಲ್ಲಿರುವ ಎಣ್ಣೆ ತೆಗೆಯುವುದು. ನಾನು ಆರಿಸಿದ್ದಲ್ಲ. ಉಳಿದವರೆಲ್ಲ ಒಳ್ಳೊಳ್ಳೆಯದನ್ನು ಆರಿಸಿಕೊಂಡ ದಿನ ನಾನು ನಿದ್ದೆ ಹೋಗಿದ್ದೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಭತ್ತದ ಹೊಟ್ಟಿಗಂತೂ ಇಲ್ಲವೇ ಇಲ್ಲ. ಹೋಗಿ ಮೂಟೆ ಹೊತ್ತು ತಂದೆ. ಲ್ಯಾಬಿನಲ್ಲಿ ಬಿಚ್ಚಿದರೆ ಅದು ತೌಡು. ಹೊಟ್ಟು ಯಾವುದು ತೌಡು ಯಾವುದು ಗೊತ್ತಿಲ್ಲದವನು ಕೃಷಿ ತ್ಯಾಜ್ಯದ ಸಂಶೋಧಕ! ಅದನ್ನು ಕಾಲೇಜಿನ ವಾಚ್‌ಮನ್ನನ ಎಮ್ಮೆ ತಿಂದಿತು. ಆ ಪ್ರಾಜೆಕ್ಟಿನಿಂದ ಕೂಡಲೇ ಲಾಭ ಪಡೆದ ಏಕೈಕ ಜೀವಿ ಅದು.

ಎರಡನೇ ಸಲ ಹೊಟ್ಟು ಸಿಕ್ಕಿತು. ಇನ್ನು ಎಣ್ಣೆಯ ನೀರು ಬೇಕು. ಕುರುಗೋಡು ರಸ್ತೆಯಲ್ಲಿ ಲಾರಿ ತೊಳೆಯುವ ಒಂದು ಅಂಗಳವಿತ್ತು. ಅದನ್ನು ನಡೆಸುತ್ತಿದ್ದವರು ಕೌಲ್ ಬಜಾರಿನ ಒಬ್ಬ ಮುದುಕರು. ಡ್ರೈವರುಗಳೆಲ್ಲ ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

"ಚಾಚಾ, ಸ್ವಲ್ಪ ಹೊಲಸು ನೀರು ಬೇಕಾಗಿತ್ತು."

ಅವರು ನನ್ನನ್ನೂ ನನ್ನ ಕೈಯ ಬಕೆಟ್ಟನ್ನೂ ನೋಡಿದರು. "ಊರಿಗೆ ಊರ ಚಲೋ ನೀರಿಗೆ ಕೊಡ ಹಿಡಕೊಂಡು ನಿಂತೈತಿ. ನೀನು ಹೊಲಸು ನೀರಿಗೆ ಬಕೆಟ್ ತಂದೀಯೇನಲೇ? ಏನು ಓದಾಕತ್ತೀ?"

"ಸೈನ್ಸು."

"ಹಂಗಾರ ಬರೋಬ್ಬರಿ ಐತಿ ಬಿಡು. ತಗೋ. ಮ್ಯಾಲಿಂದು ಬೇಕೋ, ತಳದ್ದು ಬೇಕೋ?"

ಅವತ್ತಿನಿಂದ ನನ್ನ ಹೆಸರು ಸೈನ್ಸ್ ಎಂದಾಯಿತು. ಕೊನೆಯವರೆಗೂ ಅವರು ನನ್ನ ನಿಜವಾದ ಹೆಸರು ಕೇಳಲಿಲ್ಲ.

ಚಾಚಾ ಹುಟ್ಟು ಕಸುಬಿನಿಂದ ಕಲಾಯಿ ಹಾಕುವವರು. ತಿದಿ ಒತ್ತಿ, ಇದ್ದಿಲು ಕೆಂಪಾಗಿಸಿ, ಹಿತ್ತಾಳೆ ಪಾತ್ರೆಯೊಳಗೆ ತವರ ಸವರಿ ಬೆಳ್ಳಿಯಂತೆ ಮಾಡುವ ಕೈ. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕೈಗೆ ಕೆಲಸ ಇಲ್ಲವಾಯಿತು. ಗಣಿ ಲಾರಿಗಳು ಹೆಚ್ಚಾದಾಗ ರಸ್ತೆ ಬದಿಯಲ್ಲಿ ಜಾಗ ಹಿಡಿದು, ಒಂದು ಪಂಪು, ಎರಡು ಪೈಪು ಹಾಕಿ, ಇಬ್ಬರು ಆಳುಗಳನ್ನು ಇಟ್ಟುಕೊಂಡು ಕೂತರು. ಇದೂ ಹೋದರೆ ಇನ್ನೊಂದು ಕಲಿಯುವ ವಯಸ್ಸು ಅವರದಾಗಿರಲಿಲ್ಲ.

ಆ ಅಂಗಳಕ್ಕೆ ಒಂದು ತೊಡಕಿತ್ತು. ತೊಳೆದ ನೀರು ಹೋಗುವುದಕ್ಕೆ ಇದ್ದದ್ದು ಒಂದೇ ಮೋರಿ. ಅದು ರಸ್ತೆಯಡಿ ನುಗ್ಗಿ ಕೆಳಗಿನ ಹೊಲದ ಅಂಚಿಗೆ ಹೋಗಿ ಬೀಳುತ್ತಿತ್ತು. ಹೊಲ ಬಾದನಹಟ್ಟಿಯ ಒಬ್ಬ ಅಕ್ಕನದು. ಅಲ್ಲಿ ಅವಳು ಪ್ರತಿ ವರ್ಷ ಭತ್ತದ ಸಸಿ ಮಡಿ ಹಾಕುತ್ತಿದ್ದಳು. ಹಿಂದಿನ ವರ್ಷ ಒಂದು ದಿನ ಮಡಿಯ ನೀರಿನ ಮೇಲೆ ಎಣ್ಣೆ ಕಾಮನಬಿಲ್ಲಿನಂತೆ ಹರಡಿ, ಒಂದು ಮೂಲೆಯ ಸಸಿಗಳೆಲ್ಲ ಹಳದಿಯಾದವಂತೆ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು, "ಇನ್ನೊಮ್ಮೆ ಎಣ್ಣಿ ಬಂದ್ರ ಈ ಮೋರಿಗೆ ಮಣ್ಣು ತುಂಬತೀನಿ ನೋಡಣ್ಣ," ಅಂದಳಂತೆ. ಅದಕ್ಕೆ ಚಾಚಾ, "ನೀ ಯಾಕ ತುಂಬತೀಯವ್ವ? ಎಣ್ಣಿ ಬಂತಂದ್ರ ನಾನ ತುಂಬತೀನಿ," ಎಂದು ಮಾತು ಕೊಟ್ಟರಂತೆ. ಅಷ್ಟು ಹೇಳಿ ಕಳಿಸಿದರು, ಆದರೆ ಎಣ್ಣೆ ತಡೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಮರಳು ಹಾಕಿ ನೋಡಿದರು, ಚಿಂದಿ ಬಟ್ಟೆ ತುರುಕಿ ನೋಡಿದರು. ಅಷ್ಟರಲ್ಲಿ ನಾನು ಬಕೆಟ್ ಹಿಡಿದು ಹೋಗಿದ್ದೆ. ಪಾಪ, ನನ್ನನ್ನು ನೋಡಿ ಅವರಿಗೆ ಧೈರ್ಯ ಬಂತು.

ಹಸಿ ಹೊಟ್ಟು ಕೆಲಸಕ್ಕೆ ಬರಲಿಲ್ಲ. ನೀರು ಕುಡಿದು ಮುಳುಗುತ್ತಿತ್ತು, ಎಣ್ಣೆ ತನ್ನ ಪಾಡಿಗೆ ಮೇಲೆ ತೇಲುತ್ತಿತ್ತು. ಹೊಟ್ಟನ್ನು ಗಾಳಿಯಾಡದಂತೆ ಸುಟ್ಟು ಕರಿ ಮಾಡಿದರೆ ಅದು ನೀರನ್ನು ಒಲ್ಲದೆ ಎಣ್ಣೆಯನ್ನು ಮಾತ್ರ ಹೀರುತ್ತದೆ ಎಂದು ಪುಸ್ತಕದಲ್ಲಿತ್ತು. ನಾನು ಸುಟ್ಟೆ. ಬೂದಿಯಾಯಿತು. ಮತ್ತೆ ಸುಟ್ಟೆ. ಮತ್ತೆ ಬೂದಿ. ಮೂರನೇ ಸಲ, ಆಗಿದೆಯೋ ಇಲ್ಲವೋ ಎಂದು ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿದೆ. ಭಗ್ಗೆಂದು ಎದ್ದ ಉರಿ ನನ್ನ ಎಡ ಹುಬ್ಬನ್ನು ತೆಗೆದುಕೊಂಡು ಹೋಯಿತು. ಒಂದು ತಿಂಗಳು ನಾನು ಎಲ್ಲರಿಗೂ ಅರ್ಧ ಆಶ್ಚರ್ಯಪಟ್ಟವನ ಹಾಗೆ ಕಾಣುತ್ತಿದ್ದೆ.

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಲುಂಗಿ ಮೇಲೆ ಕಟ್ಟಿ ತಾವೇ ಕೂತರು. "ಸುಡಬ್ಯಾಡಲೇ ಸೈನ್ಸ್, ಬೇಯ್ಸು. ಅನ್ನ ಬೇಯ್ಸಿದಂಗ."

ಆ ಕೆಲಸ ನೋಡಬೇಕಿತ್ತು. ಡ್ರಮ್ಮಿನೊಳಗೆ ಹೊಟ್ಟು, ಮುಚ್ಚಳದ ಅಂಚಿಗೆಲ್ಲ ಹಸಿ ಮಣ್ಣು, ನಡುವೆ ಬೆರಳು ಹೋಗುವಷ್ಟು ತೂತು, ಕೆಳಗೆ ಸಣ್ಣ ಉರಿ. ತೂತಿನಿಂದ ಮೊದಲು ದಪ್ಪ ಬಿಳಿ ಹೊಗೆ. ಅದು ನೀರು ಹೋಗುವುದು ಎನ್ನುತ್ತಿದ್ದರು. ಆಮೇಲೆ ಕಣ್ಣು ಉರಿಸುವ ಹಳದಿ ಹೊಗೆ. ಅದು ಸಣ್ಣಗಾಗುತ್ತಾ ನೂಲಿನಂತಾದಾಗ ತೂತಿನ ಮೇಲೆ ಅಂಗೈ ಹಿಡಿದು, ತಲೆ ಒಂದು ಕಡೆ ವಾಲಿಸಿ, ಯಾರೋ ಒಳಗಿನಿಂದ ಕರೆದಾರೆಂದು ಕೇಳಿಸಿಕೊಳ್ಳುವವರಂತೆ ಕೂರುತ್ತಿದ್ದರು. ಇದ್ದಕ್ಕಿದ್ದಂತೆ "ಹಾಂ, ಸಾಕು," ಎಂದು ಮಣ್ಣಿನ ಉಂಡೆಯಿಂದ ತೂತು ಮುಚ್ಚಿ, ಉರಿ ಎಳೆದುಬಿಡುತ್ತಿದ್ದರು. ಪೂರ್ತಿ ಆರುವವರೆಗೆ ಮುಚ್ಚಳ ಮುಟ್ಟುವ ಹಾಗಿಲ್ಲ. ಮರುದಿನ ತೆಗೆದರೆ ಒಂದೊಂದು ಹೊಟ್ಟೂ ಆಕಾರ ಕೆಡದೆ, ಕಾಡಿಗೆಯಂತೆ ಕಪ್ಪಗೆ ಹೊಳೆಯುತ್ತಿತ್ತು. ಎಷ್ಟು ಹೊತ್ತು, ಎಷ್ಟು ಶಾಖ ಎಂದು ನಾನು ನೋಟ್‌ಬುಕ್ ಹಿಡಿದು ಕೇಳಿದರೆ, "ಹೊಗಿ ನೋಡಲೇ, ಗಡಿಯಾರ ಏನು ನೋಡ್ತೀ," ಅನ್ನುತ್ತಿದ್ದರು.

ಬಟ್ಟಲ ನೀರಿಗೆ ಒಂದು ಚಿಟಿಕೆ ಕರಿ ಹೊಟ್ಟು ಹಾಕಿ, ಮೇಲೆ ಡೀಸೆಲ್ ಹನಿಸಿದರು. ಹೊಟ್ಟು ತೇಲಿತು, ಹನಿ ಕಾಣದಾಯಿತು. ಚಾಚಾ ನನ್ನ ಕಡೆ ನೋಡಿದ ರೀತಿ... ಎಷ್ಟೋ ವರ್ಷಗಳ ಮೇಲೆ ತಮ್ಮ ಬೆಂಕಿಗೆ ಮತ್ತೆ ಒಂದು ಕೆಲಸ ಸಿಕ್ಕಿತ್ತು.

ಅವರ ಮನೆಯ ಹಳೇ ಸೀರೆಗಳನ್ನು ಹೊಲಿದು, ಕರಿ ಹೊಟ್ಟು ತುಂಬಿ, ಉದ್ದುದ್ದ ದಿಂಬು ಮಾಡಿದೆವು. ಮೋರಿಗೆ ಅಡ್ಡಲಾಗಿ ಮೂರು ಸಾಲು ಹಾಕಿದೆವು. ಎಣ್ಣೆ ಬಂದು ದಿಂಬಿಗೆ ಅಂಟುತ್ತಿತ್ತು, ನೀರು ಕೆಳಗಿನಿಂದ ಹೋಗುತ್ತಿತ್ತು. "ಎಣ್ಣಿ ಬಂದು ಇಲ್ಲಿ ಮಲಗತೈತಿ, ನೀರು ದುಡಿಯಾಕ ಹೋಗತೈತಿ," ಎಂದು ಚಾಚಾ ಬಂದವರಿಗೆಲ್ಲ ತೋರಿಸುತ್ತಿದ್ದರು. ತುಂಬಿದ ದಿಂಬನ್ನು ಎಸೆಯುತ್ತಿರಲಿಲ್ಲ. ಮುಂದಿನ ಡ್ರಮ್ಮಿನ ಕೆಳಗೆ ಅದೇ ಸೌದೆ.

ಒಂದೇ ಒಂದು ಕಟ್ಟಳೆ ಇತ್ತು. ಅಂಗಳದಲ್ಲಿ ಸೋಪು ಬಳಸುವಂತಿಲ್ಲ. ನೀರು, ಬ್ರಷ್ಷು, ತೋಳಿನ ಬಲ, ಅಷ್ಟೇ. "ಸಾಬೂನು ಬಿದ್ರ ಎಣ್ಣಿ ನೀರಾಗ ಹಾಲಿನಂಗ ಕೂಡ್ತೈತಿ. ಕೂಡಿದ್ದನ್ನ ದಿಂಬು ಹಿಡಿಯಂಗಿಲ್ಲ," ಎಂದು ನನಗೇ ಎರಡು ಸಲ ಹೇಳಿದ್ದರು. ಮುದುಕ ಜುಗ್ಗ, ಸೋಪಿನ ಖರ್ಚು ಉಳಿಸುತ್ತಾನೆ ಎಂದುಕೊಂಡೆ. ಅದೇ ಪ್ರಶ್ನೆಗೆ ಹಿಂದಿನ ಪರೀಕ್ಷೆಯಲ್ಲಿ ನಾಲ್ಕು ಪುಟ ಉತ್ತರ ಬರೆದವನು ನಾನು. ಬರೆದದ್ದಕ್ಕೂ ತಿಳಿದದ್ದಕ್ಕೂ ನನ್ನಲ್ಲಿ ನೆಂಟಸ್ತನ ಇರಲಿಲ್ಲ.

ಪ್ರಾಜೆಕ್ಟಿನ ಪರೀಕ್ಷೆ ಸೋಮವಾರ. ಅದಕ್ಕೂ ಮೊದಲು, ಗುರುವಾರ, ನಮ್ಮ ಸರ್ ಮೋರಿಯನ್ನು ಕಣ್ಣಾರೆ ನೋಡಲು ಬರುತ್ತೇನೆಂದರು. ಫೋಟೋ ತೆಗೆಯುತ್ತೇನೆಂದೂ ಹೇಳಿದರು. ಫೋಟೋ ಎಂದ ಕೂಡಲೇ ನನ್ನ ತಲೆ ಕೆಟ್ಟಿತು. ಫೋಟೋದಲ್ಲಿ ಲಾರಿ ಫಳಫಳ ಹೊಳೆಯಬೇಡವೇ? ಆಳುಗಳಿಬ್ಬರನ್ನು "ಚಾ ಕುಡದು ಬರ್ರಿ ಅಣ್ಣಾ" ಎಂದು ಕಳಿಸಿದೆ. ಚಾಚಾ ಡ್ರೈವರುಗಳ ಜೊತೆ ರಸ್ತೆಯಲ್ಲಿದ್ದರು. ಪಂಪು ನೀರೆಳೆಯುವ ತೊಟ್ಟಿಗೆ ಎರಡು ದೊಡ್ಡ ಪೊಟ್ಟಣ ಸುರಿದು, ಕೋಲಿನಿಂದ ಕಲಕಿದೆ. ಒಂದು ಖಾಲಿ ಪೊಟ್ಟಣ ಜೇಬಿಗೆ ಹೋಯಿತು. ಇನ್ನೊಂದು ಎಲ್ಲಿ ಹೋಯಿತೋ ನೋಡಲಿಲ್ಲ.

ಸರ್ ಬಂದರು. ಪಂಪು ಚಾಲೂ ಆಯಿತು. ಮೊದಲ ಲಾರಿಗೆ ನೀರು ಬಿದ್ದದ್ದೇ ತಡ ನೊರೆ ಎದ್ದಿತು. ಸ್ವಲ್ಪ ಎದ್ದಿದ್ದರೆ ಚೆನ್ನಾಗಿತ್ತು. ಅದು ಟೈರು ಮುಚ್ಚಿತು, ಸರ್ ಅವರ ಬೂಟು ಮುಚ್ಚಿತು, ಕೆಂಪು ಧೂಳಿಗೆ ಸೇರಿ ಗುಲಾಬಿ ಬಣ್ಣಕ್ಕೆ ತಿರುಗಿ ಮದುವೆ ಮನೆಯ ಸಿಹಿಯಂತೆ ಮೋರಿಯ ಕಡೆ ಹೊರಟಿತು. ಆಳುಗಳು ಪೈಪು ಬಿಟ್ಟು ಓಡಿದರು. ಯಾರಾದರೂ ಪಂಪು ಆರಿಸುವ ಹೊತ್ತಿಗೆ ತೊಟ್ಟಿಯೇ ಬರಿದಾಗಿತ್ತು. ನಮ್ಮ ಮೂರು ಸಾಲು ದಿಂಬುಗಳು ಸುಮ್ಮನೆ ಮಲಗಿದ್ದವು. ಅವುಗಳ ನಡುವಿನಿಂದ ಹಾಲಿನಂಥ ಬೂದು ನೀರು ಆರಾಮಾಗಿ ಹರಿದು ರಸ್ತೆಯಡಿ ಹೋಯಿತು. ಅಷ್ಟು ದಿನದಿಂದ ದಿಂಬು ಹಿಡಿದಿಟ್ಟಿದ್ದ ಎಣ್ಣೆಯನ್ನೂ ಎಬ್ಬಿಸಿಕೊಂಡು ಹೋಯಿತು.

ಅಕ್ಕ ಹೊಲದಿಂದ ಏರಿ ಬಂದಳು. ಕೂಗಾಡಲಿಲ್ಲ. ಕಿತ್ತ ಒಂದು ಹಿಡಿ ಸಸಿಯನ್ನು ಚಾಚಾನ ಮುಂದೆ ಹಿಡಿದಳು. ಬೇರಿನಿಂದ ಬೂದು ಜಿಡ್ಡು ತೊಟ್ಟಿಕ್ಕುತ್ತಿತ್ತು. "ಇನ್ನೆಂಟು ದಿನಕ್ಕ ನಾಟಿ ಇತ್ತಣ್ಣ. ಈಗ ಮತ್ತ ಬೀಜ ಚೆಲ್ಲಿದ್ರ ಸಸಿ ಬೆಳೆಯೋತನಾ ಕಾಲುವಿ ನೀರು ಕಾಯತೈತೇನು?"

ಸರ್ ನನ್ನ ಕಡೆ ತಿರುಗಿದರು. "ಏನ್ರೀ ಇದು? ಯಾಕೆ ಹೀಗಾಯ್ತು?"

ಆ ಗಳಿಗೆಯನ್ನು ನಾನು ಎಷ್ಟು ಸಲ ಮತ್ತೆ ಆಡಿಸಿ ನೋಡಿದ್ದೇನೋ. ಬೇರೆ ಬೇರೆ ಉತ್ತರ ಕೊಟ್ಟು ನೋಡಿದ್ದೇನೆ, ಎಲ್ಲವೂ ಅಂದಿನದಕ್ಕಿಂತ ಚೆನ್ನಾಗಿವೆ. ಅವತ್ತು ಕೊಟ್ಟದ್ದು ಇದು:

"ಹೊಟ್ಟು ಜಾಸ್ತಿ ಸುಟ್ಟಿದೆ ಅನ್ನಿಸತ್ತೆ ಸರ್."

ಸುಟ್ಟವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡ್ರೈವರುಗಳು, ಆಳುಗಳು, ಅಕ್ಕ, ಎಲ್ಲರೂ ಚಾಚಾನ ಕಡೆ ನೋಡಿದರು. ಚಾಚಾ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ. ಮೊಣಕೈವರೆಗೂ ಬಿಳಿ ಪುಡಿ ಒಣಗಿ ಅಂಟಿತ್ತು ಎಂದು ನನಗೆ ಗೊತ್ತಾದದ್ದು ಸಂಜೆ ರೂಮಿಗೆ ಹೋದ ಮೇಲೆ.

"ಹೌದ್ರಿ ಸಾರ್," ಅಂದರು. "ಬೆಂಕಿ ನಂದ."

ಒಳಗೆ ಹೋಗಿ ಸಲಿಕೆ ತಂದರು. ಯಾರ ಕೈಗೂ ಕೊಡಲಿಲ್ಲ. ಬುಟ್ಟಿ ಬುಟ್ಟಿ ಮಣ್ಣು ಎಳೆದು ಮೋರಿಯ ಬಾಯಿಗೆ ತುಂಬಿದರು, ಕಾಲಿನಿಂದ ತುಳಿದರು. ನಡುನಡುವೆ ಸೊಂಟ ಹಿಡಿದು ನಿಲ್ಲುತ್ತಿದ್ದರು. ಸಾಲಿನಲ್ಲಿದ್ದ ಲಾರಿಗಳು ಸ್ವಲ್ಪ ಹೊತ್ತು ಹಾರ್ನ್ ಹೊಡೆದು, ಒಂದೊಂದೇ ತಿರುಗಿಸಿಕೊಂಡು ಹೋದವು. ನೀರು ಹೋಗುವ ದಾರಿ ಇಲ್ಲದ ಮೇಲೆ ಲಾರಿ ತೊಳೆಯುವುದು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಹೇಳಿ ಕಳಿಸಿದರು. ಸಿರುಗುಪ್ಪಕ್ಕೆ ಹೋಗಬೇಕು, ಅಕ್ಕನಿಗೆ ಸಸಿ ಹುಡುಕಬೇಕು, ಬಾ ಎಂದು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಕಿಟಕಿಯಿಂದ ಧೂಳು ಬರುತ್ತಿತ್ತು, ಮುಚ್ಚಲು ಗಾಜಿರಲಿಲ್ಲ. ನಾನು ಏನೇನೋ ಜೋಕು ಹೇಳಿದೆ. ಹುಬ್ಬಿನ ಕಥೆಯನ್ನೂ ಮತ್ತೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ತುಂಬಾ ದಣಿದವರಂತೆ ಕಾಣುತ್ತಿದ್ದರು.

"ಪರೀಕ್ಷಿ ಸೋಮವಾರ ಅಲ್ಲೇನಲೇ?"

"ಹೌದು ಚಾಚಾ."

"ಹೂಂ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಏನರ ಹೇಳೂದೈತೇನು ನನಗ?"

"ಏನಿಲ್ಲ ಚಾಚಾ."

"ಹಂಗಾರ ಚಲೋ ಬರಿ."

ಸಿರುಗುಪ್ಪದ ಹೊರಗೆ ಗದ್ದೆಗಳ ಬದುವಿನ ಮೇಲೆ ಮಧ್ಯಾಹ್ನದವರೆಗೂ ನಡೆದೆವು. ನಾಟಿ ಮುಗಿಸಿದವರ ಹತ್ತಿರ ನಿಂತು, ಮಿಕ್ಕ ಸಸಿ ಇದ್ದರೆ ಕೊಡ್ರಿ ಎಂದು ಚಾಚಾ ಕೇಳುವುದು, ನಾನು ಕಟ್ಟು ಹೊರುವುದು. ಎರಡು ಸಲ ಕೆಸರಿಗೆ ಬಿದ್ದೆ. ಆಗಲೂ ಅವರು ನಗಲಿಲ್ಲ. ಬಸ್ಸಿನ ಮೇಲೆ ಸಸಿ ಕಟ್ಟುಗಳನ್ನು ಏರಿಸಿ, ಒದ್ದೆ ಗೋಣಿ ಹೊದಿಸಿ ತಂದು ಅಕ್ಕನ ಹೊಲದಲ್ಲಿ ಇಳಿಸಿದೆವು. ಆ ವರ್ಷ ಅವಳ ನಾಟಿ ಆಯಿತು.

ಸೋಮವಾರ ನನ್ನ ಪರೀಕ್ಷೆಯೂ ಆಯಿತು. ಬಟ್ಟಲಿನಲ್ಲಿ ಕರಿ ಹೊಟ್ಟು ತೇಲಿಸಿ, ಹನಿ ಡೀಸೆಲ್ ಮಾಯ ಮಾಡಿ ತೋರಿಸಿದೆ. ಚೆನ್ನಾಗಿ ಸುಟ್ಟಿದೀರಿ ಎಂದರು ಪರೀಕ್ಷಕರು. ಥ್ಯಾಂಕ್ಸ್ ಸರ್ ಅಂದೆ. ಫಸ್ಟ್ ಕ್ಲಾಸ್ ಬಂತು. ಸಿಹಿ ತೆಗೆದುಕೊಂಡು ಹೋಗಿ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಮುಂದಿನ ವಾರ, ಆಮೇಲೆ ಕೆಲಸ ಸಿಕ್ಕ ಮೇಲೆ, ಆಮೇಲೆ ಬಕ್ರೀದಿಗೆ... ಕುರುಗೋಡಿನ ಕಡೆ ಹೋಗುವುದಿದ್ದರೆ ಅಂಗಳ ಕಣ್ಣಿಗೆ ಬೀಳದಂತೆ ಬಸ್ಸಿನ ಆಚೆ ಬದಿಯಲ್ಲಿ ಕೂರುತ್ತಿದ್ದೆ.

ಆಮೇಲೆ ಗಣಿಗಳೂ ನಿಂತವು. ಲಾರಿಗಳು ಬಯಲಲ್ಲಿ ನಿಂತಲ್ಲೇ ತುಕ್ಕು ಹಿಡಿದವು. ಹೇಗೂ ಎಲ್ಲ ನಿಲ್ಲುವುದೇ ಇತ್ತಲ್ಲ, ನನ್ನ ಪೊಟ್ಟಣ ಒಂದು ನೆಪ, ಎಂದು ನನಗೆ ನಾನೇ ಹೇಳಿಕೊಂಡೆ. ಈಗ ನನ್ನ ಕೆಲಸ ಒಂದು ಲ್ಯಾಬಿನಲ್ಲಿ ಬೋರ್‌ವೆಲ್ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುವುದು. ಚಾಚಾ ತೀರಿಹೋದ ಸುದ್ದಿ ಕೌಲ್ ಬಜಾರಿನಲ್ಲಿ ಚಾ ಕುಡಿಯುವಾಗ ಯಾರದೋ ಮಾತಿನ ನಡುವೆ ಕಿವಿಗೆ ಬಿತ್ತು. ಆಗ ನಲವತ್ತನೇ ದಿನದ ಊಟವೂ ಮುಗಿದಿತ್ತು. ಚಾ ಪೂರ್ತಿ ಕುಡಿದೇ ಎದ್ದೆ.

ಬೈಕಿನ ಚೈನು ಹಾಗೇ ಬಿಟ್ಟು, ಮರುದಿನ ಬಸ್ಸು ಹತ್ತಿ ಬಾದನಹಟ್ಟಿಗೆ ಹೋದೆ. ಅಂಗಳವಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅಕ್ಕ ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದಳು. ಕಣ್ಣು ಕಿರಿದು ಮಾಡಿ ನೋಡಿ, "ಸೈನ್ಸ್ ಅಲ್ಲೇನಪ್ಪ ನೀನು? ಹುಬ್ಬು ಬಂದೈತಲ್ಲ!" ಎಂದಳು. ನೀರು ಕೊಟ್ಟಳು. ನಾನು ಕುಡಿಯದೆ ಹೇಳಿದೆ. ತೊಟ್ಟಿ, ಸೋಪಿನ ಪುಡಿ, ಫೋಟೋ, ಸುಳ್ಳು, ಎಲ್ಲ. ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ.

"ಗೊತ್ತೈತಪ್ಪ," ಎಂದಳು. "ಅವತ್ತ ಸಂಜಿಮುಂದ ಖಾಲಿ ಪೊಟ್ಟಣ ನನ್ನ ಮಡಿಯಾಗ ತೇಲಾಕತ್ತಿತ್ತು. ಒಯ್ದು ಅವನ ಕೈಯಾಗ ಕೊಟ್ಟೆ. ನಿನ್ನ ಬೆಂಕಿ ತಪ್ಪಿಲ್ಲಣ್ಣ, ಮಣ್ಣು ತೆಗಿ, ನಾನೇನೂ ಅನ್ನಂಗಿಲ್ಲ ಅಂದೆ. ಮಡಚಿ ಕಿಸೆದಾಗ ಇಟಗೊಂಡ. 'ಸೋಮವಾರ ಹುಡುಗನ ಪರೀಕ್ಷಿ ಐತವ್ವ, ಈಗ ಯಾರಿಗೂ ಹೇಳಬ್ಯಾಡ. ನಾಲ್ಕು ಮಂದಿ ಮುಂದ ನನ್ನ ಬೆಂಕಿ ತಪ್ಪೈತಿ ಅಂತ ಒಪ್ಪೀನಿ. ಪರೀಕ್ಷಿ ಮುಗಿದ ಮ್ಯಾಲ ಅವನ ಬಂದು ಹೇಳ್ತಾನ, ಆಗ ಮಣ್ಣು ತೆಗದರಾತು' ಅಂದ."

ಮೆಣಸಿನಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಮುಂದ ಈ ದಾರಿಲೆ ಬಂದಾಗೊಮ್ಮೆ ಬದುವಿನ ಮ್ಯಾಲ ನಿಂತು ಕೇಳ್ತಿದ್ದ, 'ಸೈನ್ಸ್ ಏನರ ಇತ್ಲಾಗ ಬಂದಿದ್ನೇನವ್ವ?' ಅಂತ."